ಸತ್ಯಾಂಶ: ಡಂಬ್‌ಬೆಲ್ ನೀಹಾರಿಕೆ ಬಣ್ಣಬಣ್ಣವಾಗಿ ಕಾಣುತ್ತದಾ?

ಹಸಿರು-ಕೆಂಪು ಹೊಗೆಯುಂಡೆಯ ಫೋಟೊ, ಕೆಳಗೆ "ಬೈನಾಕ್ಯುಲರ್ ಹಿಡಿದರೆ ಹೀಗೇ ಕಾಣುತ್ತದೆ" ಎಂಬ ಸಾಲು. ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬೇಕು, ಅಲ್ವಾ? ಫೋಟೊ ನಿಜ, ಕೆಳಗಿನ ಸಾಲು ಸುಳ್ಳು.

ಅದು ಡಂಬ್‌ಬೆಲ್ ನೀಹಾರಿಕೆ, ಅಂದರೆ ಬಾಹ್ಯಾಕಾಶದ ಅನಿಲದ ಮೋಡ; ಪಟ್ಟಿಯಲ್ಲಿ ಅದರ ಹೆಸರು ಎಂ27. 1764ರಲ್ಲಿ ಫ್ರೆಂಚ್ ಖಗೋಳಜ್ಞ ಶಾರ್ಲ್ ಮೆಸ್ಸಿಯೆ ಕಂಡದ್ದು. ಇರುವುದು ವಲ್ಪೆಕುಲಾ, ಅಂದರೆ ಪುಟ್ಟ ನರಿ ಎಂಬ ನಕ್ಷತ್ರಪುಂಜದಲ್ಲಿ. ಅದರ ಅತಿ ಹೊಳಪಿನ ನಕ್ಷತ್ರದ ಕಾಂತಿಮಾನವೇ 4.4 (ಅಂಕಿ ದೊಡ್ಡದಾದಷ್ಟೂ ಹೊಳಪು ಕಡಿಮೆ), ಬೆಂಗಳೂರಿನ ಬೀದಿದೀಪಗಳ ನಡುವೆ ನರಿ ನಾಪತ್ತೆ.

ನೀಹಾರಿಕೆಯ ಇಂಥ ಮಬ್ಬು ಬೆಳಕಿನಲ್ಲಿ ಕಣ್ಣಿನ ಬಣ್ಣ ಗುರುತಿಸುವ ಕೋಶಗಳು ಕೆಲಸ ಮಾಡುವುದಿಲ್ಲ. ಕ್ಯಾಮೆರಾ ಮಾತ್ರ ನಿಮಿಷಗಟ್ಟಲೆ ಬೆಳಕು ಕೂಡಿಹಾಕುತ್ತದೆ.

ಅಕ್ಟೋಬರ್ ಸಂಜೆ, ಊರಾಚೆಯ ಕತ್ತಲಲ್ಲಿ ಬೈನಾಕ್ಯುಲರ್ ಹಿಡಿದು ಹುಡುಕಿ. ಪಕ್ಕದ ಬಾಣದ (ಸ್ಯಾಜಿಟ್ಟಾ) ಪುಂಜದ ತುದಿಯ ನಕ್ಷತ್ರದಿಂದ ಉತ್ತರಕ್ಕೆ ಸುಮಾರು 3 ಡಿಗ್ರಿ. ಕನ್ನಡಿಗೆ ಉಸಿರು ಊದಿದಂಥ ಬೂದು ಮಚ್ಚೆ ಸಿಗುತ್ತದೆ. ನೇರ ನೋಡಬೇಡಿ, ಕಣ್ಣಂಚಿನಲ್ಲಿ ಜಾಸ್ತಿ ಕಾಣುತ್ತದೆ.