ಬೂಷ್ಟು ಬಂದರೂ ಬರಲಿ, ಮಕ್ಕಳ ಕೈಗೆ ಕೊಡಿ

ನಿನ್ನೆಯಿಂದ ಹೊಟ್ಟೆ ಉರೀತಿದೆ, ಬರೆಯದೆ ಇರೋಕಾಗ್ತಿಲ್ಲ.

ಅಕ್ಕನ ಮಗಳು ಎಂ.ಎಸ್ಸಿ ಬಯೋಟೆಕ್ ಎರಡನೇ ವರ್ಷ. ರಜೆಗೆ ತೀರ್ಥಹಳ್ಳಿಗೆ ಬಂದವಳು ಲ್ಯಾಬ್ ರೆಕಾರ್ಡ್ ತೋರಿಸಿದಳು. ಬಾಳೆಯ ಅಂಗಾಂಶ ಕೃಷಿ, ಅಂದ್ರೆ ಕಂದಿನ ಎಳೆ ತುದಿಯನ್ನ ಬಾಟಲಿಯಲ್ಲಿಟ್ಟು ಸಸಿ ಬೆಳೆಸೋದು. ಬಾಟಲಿಗೆ ಹಾಕೋ ಪೋಷಕ ದ್ರವಕ್ಕೆ ಲೀಟರಿಗೆ 30 ಗ್ರಾಂ ಸಕ್ಕರೆ, ಗಟ್ಟಿಯಾಗೋಕೆ 8 ಗ್ರಾಂ ಅಗರ್, ಹುಳಿಯ ಅಳತೆ ಪಿಎಚ್ 5.8, ಒತ್ತಡದ ಹಬೆಯಲ್ಲಿ ಸೂಕ್ಷ್ಮಾಣು ಕೊಲ್ಲೋ ಆಟೋಕ್ಲೇವ್ 121 ಡಿಗ್ರಿ. ಒಂದಕ್ಷರ ತಪ್ಪಿಲ್ಲ.

"ಕಂದಿನ ತುದಿ ಕತ್ತರಿಸಿದ್ದು ನೀನೇನಾ ಪುಟ್ಟಿ?"

"ಇಲ್ಲ ಚಿಕ್ಕಮ್ಮ, ಡೆಮೊ ತೋರಿಸಿದ್ರು. ಇಪ್ಪತ್ತು ಜನ ಸುತ್ತ ನಿಂತಿದ್ವಿ, ನಂಗೆ ಸರಿಯಾಗಿ ಕಾಣ್ಲೇ ಇಲ್ಲ."

"ಮತ್ತೆ ಈ ಚಿಗುರಿನ ಲೆಕ್ಕ?"

"ಸೀನಿಯರ್ ರೆಕಾರ್ಡ್ ನೋಡಿ ಬರೆದೆ."

ಅವಳ ಮೇಲೆ ನನಗೆ ಸಿಟ್ಟಿಲ್ಲ. ಎರಡು ವರ್ಷ ಫೀಸು ಕಟ್ಟಿಸಿಕೊಂಡು ಮಗುವಿನ ಕೈಗೆ ಒಂದು ಚಿಮಟ ಕೊಡದವರ ಮೇಲೆ ಸಿಟ್ಟು. ಇದು ಕೈಯಿಂದ ಕಲಿಯೋ ವಿದ್ಯೆ. ದೀಪದಲ್ಲಿ ಕಾಯಿಸಿದ ಚಿಮಟ ಆರೋ ಮೊದಲೇ ತಾಗಿಸಿದ್ರೆ ಎಳೆ ತುದಿ ಸುಟ್ಟುಹೋಗುತ್ತೆ. ಬಾಟಲಿ ಬಾಯಿ ತೆರೆದು ತಡಮಾಡಿದ್ರೆ ಬೂಷ್ಟು. ನೋಡಿ ಕಲಿಯೋದಲ್ಲ ಇದು.

ಒಂದು ಮಾತು ಹೇಳಿಬಿಡ್ತೀನಿ. ನನ್ನ ಎಂ.ಎಸ್ಸಿಯಲ್ಲಿ ಹನ್ನೆರಡು ಬಾಟಲಿ ಇಟ್ಟಿದ್ದೆ. ನಾಲ್ಕನೇ ದಿನ ಹನ್ನೆರಡರಲ್ಲೂ ಹತ್ತಿಯಂಥ ಬಿಳಿ ಬೂಷ್ಟು. ಅಂಕದ ಭಯಕ್ಕೆ ರೆಕಾರ್ಡಿನಲ್ಲಿ 'ಎಂಟು ಚಿಗುರಿದವು' ಅಂತ ಬರೆದೆ. ಆ ಪುಟ ಇವತ್ತಿಗೂ ಚುಚ್ಚುತ್ತೆ. ಬೂಷ್ಟು ಯಾಕೆ ಬಂತು ಅಂತ ಆವತ್ತು ಯಾರಾದರೂ ಕೂರಿಸಿ ಕೇಳಿದ್ದಿದ್ರೆ!

ಸೂಕ್ಷ್ಮಜೀವಿ ಬೆಳೆಸೋ ಯಂತ್ರ ಫರ್ಮೆಂಟರ್‌ಗೆ ಲಕ್ಷಗಟ್ಟಲೆ ಬೇಕು, ದುಡ್ಡೆಲ್ಲಿದೆ ಅಂತಾರೆ ಕಾಲೇಜಿನವರು. ದುಡ್ಡಿನ ಕಷ್ಟ ಇದೆ, ಒಪ್ತೀನಿ. ಆದರೆ ಈರುಳ್ಳಿ ಸಿಪ್ಪೆ ಮೇಲೆ ಕಾಣೋ ಕಪ್ಪು ಬೂಷ್ಟು ಆಸ್ಪರ್ಜಿಲಸ್ ನೈಜರ್ ಸಕ್ಕರೆ ನೀರಿನಿಂದ ನಿಂಬೆಯಲ್ಲಿರೋ ಹುಳಿ ಸಿಟ್ರಿಕ್ ಆಮ್ಲವನ್ನ ಧಾರಾಳವಾಗಿ ಕೊಡುತ್ತೆ ಅಂತ ಅಮೆರಿಕದ ವಿಜ್ಞಾನಿ ಜೇಮ್ಸ್ ಕರೀ ತೋರಿಸಿದ್ದು 1917ರಲ್ಲಿ. ಶುರುವಿನಲ್ಲಿ ಕಾರ್ಖಾನೆಗಳೂ ಅದನ್ನು ಅಗಲ ತಟ್ಟೆಗಳಲ್ಲೇ ಬೆಳೆಸ್ತಿದ್ವು. ತಟ್ಟೆಗೂ ಲಕ್ಷ ಬೇಕಾ? ಆಟೋಕ್ಲೇವ್ ಕೆಟ್ಟಿದ್ರೆ ಪ್ರೆಶರ್ ಕುಕ್ಕರ್ ಇದೆಯಲ್ಲ, ಅದೇ ಹಬೆ, ಹೆಚ್ಚುಕಡಿಮೆ ಅದೇ ಒತ್ತಡ.

ಅದೂ ನಮ್ಮ ಮಲೆನಾಡಲ್ಲಿ! ತೀರ್ಥಹಳ್ಳಿ, ಹೊಸನಗರದ ಕಡೆ ಎಲೆಚುಕ್ಕಿ ರೋಗಕ್ಕೆ ಅಡಿಕೆ ತೋಟಗಳು ಒಣಗ್ತಿವೆ. ಭಾವ ಬೆಳಗಾದ್ರೆ ಸೋಗೆ ನೋಡಿ ನಿಟ್ಟುಸಿರು ಬಿಡ್ತಾರೆ. ಅವರ ಮಗಳು ಆ ರೋಗ ತರೋ ಬೂಷ್ಟು ಕೊಲೆಟೊಟ್ರೈಕಮ್ ಬಗ್ಗೆ ಐದು ಪುಟ ಬಾಯಿಪಾಠ ಒಪ್ಪಿಸ್ತಾಳೆ, ಚುಕ್ಕಿ ಬಿದ್ದ ಎಲೆ ಒಂದು ಚೂರನ್ನೂ ತಟ್ಟೆಗೆ ಹಾಕಿ ಬೆಳೆಸಿ ನೋಡಿಲ್ಲ.

ಆ ಬೂಷ್ಟು ಬೆಳೆಸೋಕೆ ಬೆಳಿಗ್ಗೆ ಆಲೂಗಡ್ಡೆ ಬೇಯಿಸಿದ ನೀರಿಗೆ ಸಕ್ಕರೆ, ಚೈನಾ ಗ್ರಾಸ್ (ಅದೇ ಅಗರ್) ಹಾಕಿ ಕುಕ್ಕರ್ ಇಟ್ಟಿದ್ದೀನಿ. ಪುಟ್ಟಿ ಬ್ಲೇಡ್ ಹಿಡ್ಕೊಂಡು ತೋಟಕ್ಕೆ ಹೋಗಿದ್ದಾಳೆ.