ಜಗಳಕ್ಕೂ ಒಂದು ತಾರೀಕು ಇರಲಿ

ಸ್ವಿಟ್ಜರ್ಲೆಂಡಿನಲ್ಲಿ ಜನ ಜಗಳ ಆಡೋದೇ ಇಲ್ಲ ಅಂತ ನಮ್ಮೂರ ಕಡೆ ಅಂದುಕೊಂಡಿದ್ದಾರೆ. ಆಡುತ್ತಾರೆ, ಜೋರಾಗೇ ಆಡುತ್ತಾರೆ. ಆದರೆ ತಾರೀಕು ನೋಡಿಕೊಂಡು ಆಡುತ್ತಾರೆ. ಇಲ್ಲಿ ವರ್ಷಕ್ಕೆ ನಾಲ್ಕು ಸಲದವರೆಗೂ ಜನಮತ ನಡೆಯುತ್ತದೆ. ಪಿಂಚಣಿ, ತೆರಿಗೆ, ಹೆದ್ದಾರಿ, ಯುದ್ಧವಿಮಾನದ ಖರೀದಿ ಏನು ಬೇಕಾದರೂ ಜನರ ಮುಂದೆ ಬರಬಹುದು. ಮತಪತ್ರದ ಜೊತೆ ಸರ್ಕಾರವೇ ಒಂದು ಪುಸ್ತಿಕೆ ಮನೆಗೆ ಕಳಿಸುತ್ತದೆ. ಸರ್ಕಾರದ ಮಾತೂ ಅದರಲ್ಲೇ, ವಿರೋಧಿಸುವವರ ಮಾತೂ ಅದರಲ್ಲೇ. ನನಗೆ ಮತ ಇಲ್ಲ, ಪಕ್ಕದ ಮನೆಯವರದ್ದು ಇಸಕೊಂಡು ಓದುತ್ತೇನೆ.

2014ರ ಫೆಬ್ರವರಿ 9ರಂದು ನಡೆದದ್ದು ನನ್ನಂಥವರ ಬಗ್ಗೆಯೇ ಇತ್ತು. ವಲಸೆಗೆ ಮಿತಿ ಹಾಕಬೇಕಾ ಬೇಡವಾ ಅಂತ. ಶೇ. 50.3ರಷ್ಟು ಮತ ಹೌದು ಅನ್ನುವ ಕಡೆ ಬಿತ್ತು. ನಮ್ಮ ಕಟ್ಟಡದ ಕೆಳಮನೆಯ ಅಜ್ಜಿ ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕಾಗ, ತಾವೂ ಹೌದು ಅಂತಲೇ ಹಾಕಿದ್ದಾಗಿ ನನ್ನೆದುರೇ ಹೇಳಿದರು. ರೈಲು ತುಂಬಿ ತುಳುಕುತ್ತಿದೆ, ಬಾಡಿಗೆ ಏರುತ್ತಿದೆ, ಅದಕ್ಕೇ ಅಂದರು. ಅಷ್ಟು ಹೇಳಿ, ಡ್ರೈಯರ್ ಜಾಳಿಗೆಯಲ್ಲಿ ನೂಲಿನ ಕಸ ಬಿಟ್ಟಿದ್ದೀರಿ, ತೆಗೀರಿ ಅಂದರು. ತೆಗೆದೆ. ಸಿಟ್ಟು ಬಂತು, ಯಾಕೆ ಸುಳ್ಳು ಹೇಳಲಿ. ಆದರೆ ಶಾಲೆಗೆ ರಜೆ ಬಂದಾಗ ನಮ್ಮ ಮಗಳನ್ನು ದಿನವಿಡೀ ನೋಡಿಕೊಂಡವರೂ ಅವರೇ.

ನಮ್ಮ ಹಾವೇರಿ ಕಡೆ ಜಗಳಕ್ಕೆ ಹೊತ್ತುಗೊತ್ತು ಇಲ್ಲ. ಹೊಲದ ಪಾಲಿನ ಮಾತು ಮದುವೆ ಮನೆ ಪಂಕ್ತಿಯಲ್ಲಿ ಬರುತ್ತದೆ, ತೊಟ್ಟಿಲು ಕಾರ್ಯದಲ್ಲಿ ಬರುತ್ತದೆ, ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲೂ ಬರುತ್ತದೆ. ಅಪ್ಪ ಮತ್ತು ಕಾಕಾ ನಡುವೆ ಶುರುವಾಗೋದು ಒಂದು ಬದುವಿನ ವಿಚಾರ. ಹೋಗಿ ನಿಲ್ಲೋದು "ಅವ್ವ ಹಾಸಿಗಿ ಹಿಡದಾಗ ನೀ ಎಲ್ಲಿದ್ದಿ?" ಅನ್ನೋ ಕಡೆಗೆ. ಅಲ್ಲಿಗೆ ಮಾತು ಬಂದ್. ಲಗ್ನಪತ್ರಿಕೆಯನ್ನೂ ಬೇರೆಯವರ ಕೈಲಿ ಕಳಿಸೋದು.

ಹಾಗಂತ ಇಲ್ಲಿಯದ್ದೇ ಮೇಲು ಅಂತ ನಾನು ಹೇಳಲ್ಲ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಅಕ್ಕನ ಮುಖ ನೋಡಿ ವರ್ಷಗಳಾಗಿವೆ. ಅವರಿಬ್ಬರ ನಡುವೆ ಈಗ ಓಡಾಡೋದು ವಕೀಲರ ಪತ್ರ ಮಾತ್ರ. ನಮ್ಮಲ್ಲಾದರೆ ದಸರಾ ಬಿಡುತ್ತಾ? ಎಷ್ಟೇ ಮುನಿಸಿದ್ದರೂ ವಿಜಯದಶಮಿ ಸಂಜೆ ಕಾಕಾ ಬನ್ನಿ ಹಿಡಿದು ನಮ್ಮ ಬಾಗಿಲಿಗೆ ಬರುತ್ತಾರೆ. "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂತ ಅಪ್ಪನ ಕೈಗೆ ಎಲೆ ಇಟ್ಟು ಕಾಲು ಮುಟ್ಟುತ್ತಾರೆ. ಅವ್ವ ಚಹಾ ಕೊಡುತ್ತಾಳೆ. ಮಳೆ, ಗೋವಿನಜೋಳದ ರೇಟು ಅಂತ ನಾಲ್ಕು ಮಾತಾಗುತ್ತದೆ. ಬದು ಎಲ್ಲಿತ್ತೋ ಅಲ್ಲೇ ಇರುತ್ತದೆ. ಆದರೂ ಮುರಿದ ಮೇಲೆ ಮತ್ತೆ ಸೇರೋಕೆ ಇಂಥ ದಾರಿ ಈ ಅಜ್ಜಿಯ ಊರಲ್ಲಿ ನನಗಂತೂ ಕಂಡಿಲ್ಲ.

ಇಂಥದ್ದರಲ್ಲೆಲ್ಲ ಗಟ್ಟಿಯಾಗಿ ನಿಲ್ಲಬೇಕಾದರೆ ತಾಳ್ಮೆ ಬೇಕು ಅಂತ ಎಲ್ಲರೂ ಬುದ್ಧಿ ಹೇಳುತ್ತಾರೆ. ನನಗೆ ತಾಳ್ಮೆ ಸ್ವಲ್ಪ ಕಡಿಮೆ. ಕೆಲಸಕ್ಕೆ ಬಂದದ್ದು ಕ್ಯಾಲೆಂಡರ್. ಪಾಲಿನ ಮಾತೇನಿದ್ದರೂ ತಿಂಗಳ ಮೊದಲ ಭಾನುವಾರ, ವಿಡಿಯೋ ಕಾಲ್‌ನಲ್ಲೇ ಆಗಲಿ ಅಂತ ಮನೆಯವರ ಮುಂದೆ ಇಟ್ಟೆ. ನಡುವೆ ಯಾರಾದರೂ ತೆಗೆದರೆ "ಭಾನುವಾರ" ಅಂದು ಸುಮ್ನಾಗಿಬಿಡೋದು. ಇಬ್ಬರ ವಾದವನ್ನೂ ತಂಗಿ ಒಂದೇ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಎಡಗಡೆ ಅಪ್ಪನದು, ಬಲಗಡೆ ಕಾಕಾನದು. "ಇದೇನ್ ಪಂಚಾಯ್ತಿ ಮೀಟಿಂಗ್ ಏನಲೇ?" ಅಂತ ಕಾಕಾ ರೇಗಿದರು. ಆದರೆ ತಮ್ಮ ಮಾತು ಬರೆದದ್ದು ಸರಿಯಾಗಿದೆಯಾ ಅಂತ ಎರಡೆರಡು ಸಲ ಓದಿಸಿಕೊಂಡರು.

ಬದುವಿನ ವಿಚಾರ ಇನ್ನೂ ಮುಗಿದಿಲ್ಲ. ಮಳೆ ನಿಂತ ಮೇಲೆ ಸರ್ವೇದವರು ಬರ್ತಾರಂತೆ. ಅಷ್ಟರೊಳಗೆ ಹಳೇ ನಕ್ಷೆ ಹುಡುಕಿಡು ಅಂತ ಕಾಕಾ ಅಪ್ಪನಿಗೇ ನೇರವಾಗಿ ಫೋನ್ ಮಾಡಿದ್ದಾರೆ. ಅದೂ ಬುಧವಾರ.