ಎರಡು ಸೌಟು ಹುಳ

ಅಮ್ಮ ಕೇಳಿದ್ದು ಹದಿನಾಲ್ಕೇ ಪುಟ. ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟ ಅಡುಗೆ ಪುಸ್ತಕದಲ್ಲಿ ಈಗ ಉಳಿದಿರುವುದು ಅಷ್ಟೇ. ಮಿಕ್ಕಿದ್ದೆಲ್ಲ ಎಣ್ಣೆ ಕುಡಿದು ಅಂಟಿಕೊಂಡಿದೆ. "ಅಕ್ಷರ ಸ್ವಲ್ಪ ದಪ್ಪ ಮಾಡಿಕೊಡೋ, ಕಣ್ಣು ಕಾಣುವುದಿಲ್ಲ" ಎಂದಳು. ಬೆರಳಚ್ಚು ಮಾಡಿದ್ದರೆ ಒಂದು ಸಂಜೆಯ ಕೆಲಸ. ಆದರೆ ಅಲ್ಪಸ್ವಲ್ಪ ಕಂಪ್ಯೂಟರ್ ಬಲ್ಲವನಿಗೆ ಹತ್ತಿರದ ದಾರಿ ಕಣ್ಣಿಗೇ ಬೀಳುವುದಿಲ್ಲ.

ಚಿತ್ರದಲ್ಲಿರುವ ಅಕ್ಷರಗಳನ್ನು ಓದಿ ಪಠ್ಯವಾಗಿಸುವ ಟೆಸರಾಕ್ಟ್ ಎಂಬ ತಂತ್ರಾಂಶವಿದೆ. 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿದ್ದು, 2005ರಲ್ಲಿ ಮುಕ್ತ ತಂತ್ರಾಂಶವಾಯಿತು, ಕನ್ನಡವನ್ನೂ ಓದುತ್ತದೆ. ನನ್ನ ಲ್ಯಾಪ್‌ಟಾಪಿನ ಕಾರ್ಯಾಚರಣ ವ್ಯವಸ್ಥೆಯಾದ ಉಬುಂಟು 22.04ರಲ್ಲಿ ಒಂದೇ ಸಾಲಿನ ಆದೇಶಕ್ಕೆ ಅದರ ನಾಲ್ಕನೆಯ ಆವೃತ್ತಿ ಬಂದು ಕೂರುತ್ತಿತ್ತು. ನನಗೆ ಐದನೆಯದೇ ಬೇಕಾಯಿತು. ಏಕೆ ಎಂದರೆ, ಐದು ನಾಲ್ಕಕ್ಕಿಂತ ದೊಡ್ಡದು. ಶನಿವಾರ ಬೆಳಗ್ಗೆ ಅದರ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಇಳಿಸಿಕೊಂಡು, ಅದರಿಂದ ತಂತ್ರಾಂಶವನ್ನು ಮನೆಯಲ್ಲೇ ಕಟ್ಟಲು ಕುಳಿತೆ.

ಮೊದಲ ಹೆಜ್ಜೆಯಲ್ಲೇ ತಕರಾರು: ಚಿತ್ರಗಳನ್ನು ಸಂಸ್ಕರಿಸುವ ಲೆಪ್ಟೋನಿಕಾ ಎಂಬ ಲೈಬ್ರರಿ, ಅಂದರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಸಂಕೇತಗಳ ಕಟ್ಟು, 1.74 ಅಥವಾ ಅದಕ್ಕಿಂತ ಹೊಸದು ಬೇಕು. ಇದೆಯಲ್ಲ! ಬೇರೆ ಯಾವುದರದೋ ಜೊತೆ ಬಂದು ಎಂದಿನಿಂದಲೋ ಕುಳಿತಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಗೊತ್ತಾಯಿತು, ಲೈಬ್ರರಿ ಇದೆ, ಅದರಲ್ಲಿ ಏನೇನಿದೆ ಎಂದು ಹೇಳುವ ಹೆಡರ್ ಕಡತಗಳಿಲ್ಲ. ಭಟ್ಟರು ಒಳಗಿದ್ದಾರೆ, ಗೋಡೆಯ ಮೇಲೆ ತಿಂಡಿಯ ಪಟ್ಟಿ ಇಲ್ಲ. ಪಟ್ಟಿ ನೋಡದೆ, ಸಂಕೇತವನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಮಹಾಶಯ ಒಂದು ಇಡ್ಲಿಯನ್ನೂ ಹೇಳುವುದಿಲ್ಲ. ಹೆಸರಿನ ಕೊನೆಗೆ ‘ಡೆವ್’ ಎಂದಿರುವ ಪೊಟ್ಟಣವನ್ನು ಬೇರೆಯಾಗಿ ತರಿಸಬೇಕಾಯಿತು.

ಮುಂದಿನದು ‘ಮೇಕ್’, ಕಟ್ಟುವ ಕೆಲಸವನ್ನು ನಡೆಸುವ ಆದೇಶ. ಅದಕ್ಕೆ ‘ಜೆ’ ಎಂಬ ಬಾಲ ಹಚ್ಚಿ ಒಂದು ಅಂಕಿ ಕೊಟ್ಟರೆ ಅಷ್ಟು ಕೆಲಸಗಳನ್ನು ಒಟ್ಟಿಗೆ ನಡೆಸುತ್ತದೆ. ಬಾಲ ಹಚ್ಚಿದೆ, ಅಂಕಿ ಮರೆತೆ. ಅಂಕಿ ಇಲ್ಲದಿದ್ದರೆ ಮಿತಿಯೂ ಇಲ್ಲವಂತೆ. ನಾಲ್ಕು ಜಿಬಿ ಮೆಮೊರಿಯ ಲ್ಯಾಪ್‌ಟಾಪಿಗೆ ಜಾತ್ರೆಯ ದಿನದ ಬಸ್ಸಿನಂತೆ ಎಲ್ಲರೂ ಒಮ್ಮೆಗೇ ನುಗ್ಗಿದರು. ಮೌಸ್ ನಿಂತಿತು, ಗಡಿಯಾರ 3:42ಕ್ಕೆ ನಿಂತಿತು, ಫ್ಯಾನ್ ಮಾತ್ರ ಕಿರುಚಿತು. "ಈ ಹೊತ್ತಿನಲ್ಲಿ ಮಿಕ್ಸಿ ಏಕೋ?" ಎಂದಳು ಅಮ್ಮ, ಒಳಗಿನಿಂದ.

ಭಾನುವಾರ, ಅಂಕಿ ಎರಡಕ್ಕೆ ಇಳಿದು, ಕಟ್ಟುವಿಕೆ ಮುಗಿಯಿತು. ಓಡಿಸಿದರೆ, ತನ್ನದೇ ಲೈಬ್ರರಿ ಸಿಗುತ್ತಿಲ್ಲ ಎಂದಿತು. ಈಗಷ್ಟೇ ನಾನೇ ಇಟ್ಟಿದ್ದೇನೆ! ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಮನೆಯೆಲ್ಲ ಹುಡುಕುವ ಅಮ್ಮನ ನೆನಪಾಯಿತು. ಲೈಬ್ರರಿಗಳು ಎಲ್ಲಿವೆ ಎಂಬ ಪಟ್ಟಿಯನ್ನು ಹೊಸದಾಗಿಸುವ ‘ಎಲ್‌ಡಿಕಾನ್ಫಿಗ್’ ಆದೇಶವನ್ನು ಒಮ್ಮೆ ಹೇಳಿದರೆ ಸಾಕಿತ್ತು, ಹಣೆ ಮುಟ್ಟಿ ತೋರಿಸಿದ ಹಾಗೆ. ಆಮೇಲೆ ಕನ್ನಡದ ದತ್ತಾಂಶ ಕಡತ ಇಲ್ಲ ಎಂದಿತು. ಮೂಲದಿಂದ ಕಟ್ಟಿದರೆ ಯಾವ ಭಾಷೆಯೂ ಜೊತೆಗೆ ಬರುವುದಿಲ್ಲ, ಇಂಗ್ಲಿಷ್ ಕೂಡ. ಎರಡು ದಿನ ಬೆವರು ಸುರಿಸಿ ನಾನು ಸಾಕಿದ್ದು ಅಪ್ಪಟ ನಿರಕ್ಷರಿಯನ್ನು.

ಕಡತ ತಂದುಕೊಟ್ಟ ಮೇಲೆ ಓದಿತು, ನಿಜಕ್ಕೂ ಚೆನ್ನಾಗಿಯೇ ಓದಿತು. ತಪ್ಪು ನನ್ನ ಫೋಟೊಗಳದು: ಟ್ಯೂಬ್‌ಲೈಟಿನ ಕೆಳಗೆ, ಪುಟದ ಮೇಲೆ ನನ್ನ ಹೆಬ್ಬೆರಳಿನ ನೆರಳು. ಜೊತೆಗೆ ಒಂದು ಕಡೆ ‘ಹುಳಿ’ಯ ಗುಡಿಸಿನ ಮೇಲೆ ಸರಿಯಾಗಿ, ಯಾವ ಕಾಲದ್ದೋ, ಸಾಸಿವೆಯಷ್ಟು ದೊಡ್ಡ ಎಣ್ಣೆಯ ಚುಕ್ಕೆ.

ದಪ್ಪ ಅಕ್ಷರದಲ್ಲಿ ಮುದ್ರಿಸಿ ಅಮ್ಮನ ಕೈಗಿತ್ತೆ. ಕನ್ನಡಕವನ್ನು ಹಣೆಯಿಂದ ಇಳಿಸಿಕೊಂಡು ಗಟ್ಟಿಯಾಗಿ ಓದಿದಳು: "ಬೆಂದ ಬೇಳೆಗೆ ಎರಡು ಸೌಟು ಹುಳ ಹಾಕಿ ಚೆನ್ನಾಗಿ ಕುದಿಸಿ." ಒಂದು ಕ್ಷಣ ಸುಮ್ಮನಿದ್ದು, "ದಪ್ಪ ಮಾಡಿದ್ದಕ್ಕೆ ಹುಳ ಸ್ಪಷ್ಟವಾಗಿ ಕಾಣುತ್ತದಪ್ಪ" ಎಂದಳು.

ಆಮೇಲೆ ಪೆನ್ನು ತೆಗೆದುಕೊಂಡು ಹದಿನಾಲ್ಕು ಪುಟವನ್ನೂ ತಿದ್ದಲು ಕುಳಿತಳು. ಪುಸ್ತಕ ಪಕ್ಕದಲ್ಲೇ ಇತ್ತು, ಒಮ್ಮೆಯೂ ತೆರೆಯಲಿಲ್ಲ. ಯಂತ್ರ ಸರಿಯಾಗಿಯೇ ಓದಿದ್ದರೂ ಎರಡು ಕಡೆ ಗೀಟು ಹಾಕಿದಳು. "ಅಲ್ಲಿ ತಪ್ಪಿಲ್ಲಮ್ಮ, ಪುಸ್ತಕದಲ್ಲೇ ಹಾಗಿದೆ" ಎಂದೆ.

"ಇರಲಿ," ಎಂದಳು, "ಇಷ್ಟೊಂದು ಇಂಗು ಯಾರು ಹಾಕುತ್ತಾರೆ?"